ಒಂದನೇ ನಂಬರ್ ಯಾವುದಕ್ಕೆ?

2020ರ ಜನವರಿ 14. ಮರುದಿನ ಸಂಕ್ರಾಂತಿ. ಅಮ್ಮ ಎಳ್ಳು ಬೀರಲು ಪೊಟ್ಟಣ ಕಟ್ಟುತ್ತಿದ್ದಳು. ನಾನು ಒಂದೊಂದಕ್ಕೂ ಸಕ್ಕರೆ ಅಚ್ಚು ಹಾಕಿ ಕೊಡುತ್ತಿದ್ದೆ. ಅಷ್ಟರಲ್ಲಿ ಗೆಳತಿಯ ಫೋನ್. ಯುಪಿಎಸ್‌ಸಿ ಮೇನ್ಸ್, ಅಂದರೆ ಸಂದರ್ಶನಕ್ಕೆ ಮುಂಚಿನ ಲಿಖಿತ ಪರೀಕ್ಷೆಯ ಫಲಿತಾಂಶ ಬಂದಿದೆ ಅಂದಳು. ಎಳ್ಳಿನ ಜಿಡ್ಡು ಮೆತ್ತಿದ ಬೆರಳಲ್ಲೇ ಪಿಡಿಎಫ್ ತೆಗೆದೆ. 2,304 ರೋಲ್ ನಂಬರ್‌ಗಳು. ನನ್ನದೂ ಇತ್ತು. ಮೂರು ಸಲ ನೋಡಿದೆ. ಆಮೇಲೆ ಅಪ್ಪನ ಕೈಗೆ ಹಾಲ್ ಟಿಕೆಟ್ ಕೊಟ್ಟು ಅವರಿಂದ ಒಂದು ಸಲ ನೋಡಿಸಿದೆ.

ಅದು ನನ್ನ ಮೂರನೇ ಪ್ರಯತ್ನ. ಮೊದಲೆರಡು ಸಲ ಮೊದಲ ಸುತ್ತಿನ ಪ್ರಿಲಿಮ್ಸ್ ಕೂಡ ದಾಟಿರಲಿಲ್ಲ. ಐಎಎಸ್ಸಾ ಐಪಿಎಸ್ಸಾ ಅನ್ನುವ ಪ್ರಶ್ನೆ ಅಲ್ಲಿಯವರೆಗೆ ನನಗೆ ಬಂದೇ ಇರಲಿಲ್ಲ. ಊಟಕ್ಕೆ ಕೂರುವ ಮೊದಲೇ ಎಲೆಯನ್ನು ಯಾವ ಕಡೆ ಮಡಚಬೇಕು ಅಂತ ಯಾರು ಯೋಚನೆ ಮಾಡುತ್ತಾರೆ?

ಆದರೆ ಫಲಿತಾಂಶದ ಬೆನ್ನಿಗೇ ಇನ್ನೊಂದು ಫಾರಂ ಬಂತು. ಹೆಸರು ಡಿಎಎಫ್-2. ಆ ವರ್ಷದಿಂದ ಅರ್ಜಿಯನ್ನು ಎರಡು ಭಾಗ ಮಾಡಿದ್ದರು. ಒಂದು ಮೇನ್ಸ್‌ಗೆ ಮುಂಚೆ, ಇನ್ನೊಂದು ಮೇನ್ಸ್ ಪಾಸಾದವರಿಗೆ. ಯಾವ ಸೇವೆ ಮೊದಲು, ಯಾವುದು ಆಮೇಲೆ, ಯಾವ ರಾಜ್ಯದ ಕೇಡರ್ ಬೇಕು, ಅಂದರೆ ಯಾವ ರಾಜ್ಯದಲ್ಲಿ ಕೆಲಸ ಮಾಡಬೇಕು, ಎಲ್ಲವನ್ನೂ ಈ ಎರಡನೆಯದರಲ್ಲಿ ತುಂಬಬೇಕು. ಪಟ್ಟಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸೇವೆಗಳು. ಆದಾಯ ತೆರಿಗೆ, ಕಸ್ಟಮ್ಸ್, ರೈಲ್ವೆ, ಅಂಚೆ, ಲೆಕ್ಕಪತ್ರ. ತಲೆ ಕೆಡುವುದು ಮಾತ್ರ ಮೊದಲ ಎರಡು ನಂಬರ್‌ಗಳಿಗೆ. ಜನವರಿ ಮುಗಿಯುವುದರೊಳಗೆ ಕಳುಹಿಸಬೇಕು. ಕಳುಹಿಸಿದ ಮೇಲೆ ತಿದ್ದುವ ಹಾಗಿಲ್ಲ.

ವಿಜಯನಗರದ ಪಿಜಿಯಲ್ಲಿ ನನ್ನ ಜೊತೆ ಓದುತ್ತಿದ್ದವರಿಗೆ ಇದು ಪ್ರಶ್ನೆಯೇ ಅಲ್ಲ. "ಕಣ್ಣು ಮುಚ್ಕೊಂಡು ಐಎಎಸ್ ಒಂದು, ಐಪಿಎಸ್ ಎರಡು ಹಾಕು. ಐಪಿಎಸ್ ಸಿಕ್ರೆ ಮತ್ತೆ ಬರೀಬಹುದು, ಐಎಎಸ್ ಸಿಕ್ಮೇಲೆ ಬರೆಯೋ ಹಾಗಿಲ್ಲ. ಇದರಲ್ಲೇ ಗೊತ್ತಾಗಲ್ವಾ ಯಾವುದು ದೊಡ್ಡದು ಅಂತ?" ಎಂದಳು ರೂಮ್‌ಮೇಟ್. ಮಾತು ನಿಜವೇ. ಆಗಿನ ನಿಯಮ ಹಾಗೇ ಇತ್ತು. ಐಎಎಸ್‌ನಲ್ಲಿ ಇರುವವರು ಮತ್ತೆ ಪರೀಕ್ಷೆ ಬರೆಯುವಂತಿಲ್ಲ. ಐಪಿಎಸ್‌ನವರು ಬರೆಯಬಹುದು, ಆದರೆ ಮತ್ತೆ ಐಪಿಎಸ್ ಕೇಳುವಂತಿಲ್ಲ. ಹೈದರಾಬಾದಿನ ಐಪಿಎಸ್ ತರಬೇತಿ ಅಕಾಡೆಮಿಯಲ್ಲಿ ಬೆಳಿಗ್ಗೆ ಓಡಿ, ರಾತ್ರಿ ಐಎಎಸ್‌ಗೆ ಓದುವವರು ಪ್ರತಿ ವರ್ಷ ಇರುತ್ತಾರೆ ಎಂದು ಸೀನಿಯರ್‌ಗಳು ಹೇಳುತ್ತಿದ್ದರು. ಆಗ ನಗು ಬಂದಿತ್ತು. ಆಮೇಲೆ ಕಣ್ಣಾರೆ ನೋಡಿದೆ.

ನಾನು ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ಪೊಲೀಸ್ ಕ್ವಾರ್ಟರ್ಸ್‌ಗಳಲ್ಲಿ. ಅಪ್ಪ ಪೇದೆಯಾಗಿ ಸೇರಿ, ಹೆಡ್ ಕಾನ್ಸ್‌ಟೇಬಲ್ ಆಗಿ, ಕೊನೆಗೆ ಎಎಸ್‌ಐ ಆಗಿ ನಿವೃತ್ತರಾದವರು. ಹಾಗಾಗಿ ನೆಂಟರಿಗೆಲ್ಲ ನನ್ನ ಉತ್ತರ ಮೊದಲೇ ಗೊತ್ತಿತ್ತು. ಒಂದು ಫೋಟೊ ಇದೆಯಲ್ಲ, ಪೇದೆ ಅಪ್ಪ ಅಧಿಕಾರಿ ಮಗಳಿಗೆ ಸಲ್ಯೂಟ್ ಹೊಡೆಯುವುದು? ಬೇರೆ ಬೇರೆ ರಾಜ್ಯದ್ದು, ಬೇರೆ ಬೇರೆ ಜನರದ್ದು, ವರ್ಷಕ್ಕೊಂದು ಸಲ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಆ ವಾರ ನನಗೆ ಅದನ್ನು ಆರು ಜನ ಕಳುಹಿಸಿದರು. ನನಗೆ ಆ ಫೋಟೊ ಮೊದಲಿಂದಲೂ ಸೇರುವುದಿಲ್ಲ. ಮೂವತ್ತು ವರ್ಷ ಎಲ್ಲರಿಗೂ ಕೈ ಎತ್ತಿದ ಮನುಷ್ಯ, ಕೊನೆಗೆ ಮಗಳಿಗೂ ಎತ್ತಬೇಕೇ? ಅಪ್ಪನಿಗೆ ತೋರಿಸಿದೆ. "ಸಲ್ಯೂಟ್ ಸರಿಯಾಗಿ ಹೊಡೆದಿಲ್ಲ, ಮೊಣಕೈ ಕೆಳಗಿದೆ" ಅಂದು ಫೋನ್ ವಾಪಸ್ ಕೊಟ್ಟರು.

ನಿಜ ಹೇಳಬೇಕೆಂದರೆ ಅಪ್ಪನಿಗೆ ನಾನು ಪೊಲೀಸ್ ಇಲಾಖೆಗೆ ಬರುವುದು ಬೇಡವಾಗಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ. ಬಾಯಿ ಬಿಟ್ಟು ಹೇಳಿದ್ದು ಸೋದರಮಾವ. ಅವರು ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್. "ನೋಡೇ, ಜಿಲ್ಲೆ ಅಂದ್ರೆ ಡಿಸಿ. ಬರ ಬಂದ್ರೆ ಡಿಸಿ, ನೆರೆ ಬಂದ್ರೆ ಡಿಸಿ, ಎಲೆಕ್ಷನ್ ಬಂದ್ರೆ ಡಿಸಿ. ಎಸ್‌ಪಿ ಹತ್ರ ಜನ ಹೋಗೋದು ಏನಾದ್ರೂ ಕೆಟ್ಟದ್ದು ಆದ್ಮೇಲೆ. ಡಿಸಿ ಹತ್ರ ಆಗೋದಕ್ಕೆ ಮುಂಚೇನೂ ಹೋಗ್ತಾರೆ" ಎಂದರು. ಅಮ್ಮನ ಲೆಕ್ಕ ಬೇರೆ. ಕ್ವಾರ್ಟರ್ಸ್‌ನಲ್ಲಿ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ಇಟ್ಟು ಸಾಕಾಗಿದ್ದವಳು. "ಬಂಗಲೆ ಇಬ್ಬರಿಗೂ ಕೊಡ್ತಾರೆ ಅಲ್ವಾ?" ಎಂದು ಕೇಳಿದಳು. ಹೌದು ಅಂದೆ. "ಹಾಗಾದ್ರೆ ಯಾವುದಾದ್ರೂ ಸರಿ."

ಕಾಗದದ ಮೇಲೆ ನೋಡಿದರೆ ವ್ಯತ್ಯಾಸ ಅಷ್ಟೇನೂ ಇಲ್ಲ. ಶುರುವಿನ ಮೂಲ ವೇತನ ಇಬ್ಬರಿಗೂ 56,100. ಮುಂದೆ ಬಡ್ತಿ ಸಿಗುವಾಗ ಐಎಎಸ್‌ಗೆ ಒಂದೆರಡು ಇನ್‌ಕ್ರಿಮೆಂಟ್ ಜಾಸ್ತಿ. ಆಗ ವರ್ಷಕ್ಕೆ ಐಎಎಸ್‌ಗೆ 180 ಜನ, ಐಪಿಎಸ್‌ಗೆ 150 ಜನ ಸೇರುತ್ತಿದ್ದರು. ವರ್ಗಾವಣೆಯ ಕಾಟ ಇಬ್ಬರಿಗೂ ಒಂದೇ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಸ್‌ಪಿಯನ್ನು ಕನಿಷ್ಠ ಎರಡು ವರ್ಷ ಕದಲಿಸಬೇಡಿ ಎಂದಿತು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಐಎಎಸ್‌ನವರಿಗೂ ನಿಗದಿತ ಅವಧಿ ಇರಲಿ ಎಂದಿತು. ಇವೆರಡನ್ನೂ ಉತ್ತರ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೆನೋ. ನನ್ನ ಆಯ್ಕೆಗೆ ಮಾತ್ರ ಒಂದೂ ಸಹಾಯಕ್ಕೆ ಬರಲಿಲ್ಲ.

ಕೊನೆಗೆ ಹೋಗಿ ನೋಡೋಣ ಅನ್ನಿಸಿತು. ಎರಡೂ ಸೇವೆಯವರಿಗೆ ಮೊದಲ ಸ್ವತಂತ್ರ ಹುದ್ದೆ ಸಿಗುವುದು ಉಪವಿಭಾಗದಲ್ಲಿ. ಐಎಎಸ್‌ನವರು ಎಸಿ ಆಗುತ್ತಾರೆ, ಅಂದರೆ ಉಪವಿಭಾಗಾಧಿಕಾರಿ. ಐಪಿಎಸ್‌ನವರು ಎಎಸ್‌ಪಿ ಆಗುತ್ತಾರೆ. ಅದೇ ಕುರ್ಚಿಯಲ್ಲಿ ರಾಜ್ಯ ಸೇವೆಯವರು ಕೂತರೆ ಡಿವೈಎಸ್‌ಪಿ. ಮಾವ ಒಬ್ಬ ಎಸಿ ಮೇಡಂಗೆ ಹೇಳಿದರು. ಅಪ್ಪ ತಮ್ಮ ಹಳೆಯ ಸಾಹೇಬರೊಬ್ಬರಿಗೆ ಹೇಳಿದರು. ಅವರು ಆಗ ಡಿವೈಎಸ್‌ಪಿ. ಒಂದೊಂದು ದಿನ ಸುಮ್ನೆ ಮೂಲೆಯಲ್ಲಿ ಕೂತು ನೋಡಲು ಇಬ್ಬರೂ ಒಪ್ಪಿದರು.

ಎಸಿ ಕಚೇರಿಯಲ್ಲಿ ಆ ದಿನ ಕೋರ್ಟ್ ಇತ್ತು. ಕೋರ್ಟ್ ಅಂದರೆ ಕಟಕಟೆ, ಸುತ್ತಿಗೆ ಏನೂ ಇಲ್ಲ. ಉದ್ದನೆಯ ಕೋಣೆ, ಮುಂದೆ ಸ್ವಲ್ಪ ಎತ್ತರದ ಮೇಜು, ಗೋಡೆಯ ಬದಿಗೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳು. ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ಹೆಚ್ಚಿನವು ಖಾತೆ ಜಗಳಗಳು. ತಹಶೀಲ್ದಾರರು ಮಾಡಿದ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ, ಒಪ್ಪದವರು 1964ರ ಭೂ ಕಂದಾಯ ಕಾಯ್ದೆಯ 136(2)ನೇ ಸೆಕ್ಷನ್‌ನಲ್ಲಿ ಇಲ್ಲಿಗೆ ಮೇಲ್ಮನವಿ ತರುತ್ತಾರೆ. ಒಂದು ಎಕರೆ ಹನ್ನೆರಡು ಗುಂಟೆ ತೆಂಗಿನ ತೋಟಕ್ಕೆ ಅಣ್ಣ ತಮ್ಮ ಇಬ್ಬರೂ ಬಂದಿದ್ದರು. ಊರಿಂದ ಬಂದದ್ದು ಒಂದೇ ಬಸ್ಸಿನಲ್ಲಂತೆ. ವಕೀಲರು ಮಾತ್ರ ಬೇರೆ ಬೇರೆ. ಇಪ್ಪತ್ತು ನಿಮಿಷ ನಡೆಯಿತು, ಮುಂದಿನ ದಿನಾಂಕ ಬಿತ್ತು. ಮತ್ತೆ ಇಬ್ಬರೂ ಒಟ್ಟಿಗೇ ಬಸ್‌ಸ್ಟ್ಯಾಂಡ್ ಕಡೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ದಾನಪತ್ರದ ಜೆರಾಕ್ಸ್. ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟಿದ್ದರು. ಈಗ ಆತ ಹಿತ್ತಲ ಕೋಣೆಗೆ ಹಾಕಿದ್ದಾನೆ, ಊಟ ಕೊಡುತ್ತಿಲ್ಲ ಅಂತ ದೂರು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ನಿರ್ವಹಣಾ ನ್ಯಾಯಮಂಡಳಿ ಅಂದರೆ ಈ ಎಸಿಯೇ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಪಡೆದು ನೋಡಿಕೊಳ್ಳದೆ ಹೋದರೆ ಆ ದಾನಪತ್ರವನ್ನೇ ಅನೂರ್ಜಿತ ಮಾಡಬಹುದು. ಮೇಡಂ ಪತ್ರವನ್ನು ಸಾಲು ಸಾಲಾಗಿ ಓದಿದರು. "ಅಜ್ಜಿ, ನೋಡ್ಕೋಬೇಕು ಅಂತ ಇದರಲ್ಲಿ ಎಲ್ಲಿ ಬರೆಸಿದ್ದೀರಾ?" ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಗ ಅಲ್ವಾ ತಾಯಿ, ಅದನ್ನೂ ಬರೆಸ್ತಾರಾ?"

ಮೇಡಂ ಒಂದು ನಿಮಿಷ ಪೆನ್ನು ಕೆಳಗಿಟ್ಟರು. ಆಮೇಲೆ ಮಗನನ್ನು ಕರೆಸಿ, ತಿಂಗಳಿಗೆ ಇಷ್ಟು ಎಂದು ಜೀವನಾಂಶಕ್ಕೆ ಬರೆಸಿದರು. ಕಾಯ್ದೆಯಲ್ಲಿ ಅದಕ್ಕೂ 10,000 ರೂಪಾಯಿ ಮಿತಿ ಇದೆ. ಅವರು ಬರೆಸಿದ್ದು ಅದಕ್ಕಿಂತ ತುಂಬ ಕಡಿಮೆ. ಅಜ್ಜಿ ಅಷ್ಟಕ್ಕೇ ಕೈಮುಗಿದು ಹೊರಟರು.

ಊಟದ ಹೊತ್ತಲ್ಲಿ ಮೇಡಂ ಡಬ್ಬಿ ತೆಗೆಯುತ್ತಾ ಹೇಳಿದರು. "ಆದೇಶ ಬರೆಯೋದು ಕಷ್ಟ ಅಲ್ಲಮ್ಮ. ಅವನು ದುಡ್ಡು ಕೊಡದೇ ಇದ್ರೆ, ಅಜ್ಜಿನ ಹೊರಗೆ ಹಾಕಿದ್ರೆ, ಬಾಗಿಲು ತೆಗೆಸೋಕೆ ನಾನು ಸ್ಟೇಷನ್‌ಗೇ ಬರೀಬೇಕು." ಆ ಮಾತು ನನ್ನ ತಲೆಯಲ್ಲಿ ಕೂತಿತು. ಆದರೂ ಆ ಸಂಜೆ ಬಸ್ಸಿನಲ್ಲಿ ಬರುವಾಗ ನನ್ನ ಲೆಕ್ಕದಲ್ಲಿ ಐಎಎಸ್‌ಗೇ ಒಂದನೇ ನಂಬರ್. ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದವರಿಗೆ ಸಂಜೆಯೊಳಗೆ ಏನೋ ಒಂದು ಕೊಟ್ಟು ಕಳುಹಿಸಬಹುದಲ್ಲ!

ಮೂರು ದಿನ ಬಿಟ್ಟು ಡಿವೈಎಸ್‌ಪಿ ಕಚೇರಿಗೆ ಹೋದೆ. ಬೆಳಿಗ್ಗೆ ಎಲ್ಲ ಅರ್ಜಿ ವಿಚಾರಣೆ. ಬಡ್ಡಿ ಸಾಲ, ಓಡಿಹೋದ ಮಗಳು, ರಸ್ತೆಗೆ ಬೇಲಿ ಹಾಕಿದ ನೆರೆಯವನು. ಡಿವೈಎಸ್‌ಪಿ ಸಾಹೇಬರು ಬೇಲಿಯ ಅರ್ಜಿಯನ್ನು ನನ್ನ ಕಡೆ ತಳ್ಳಿದರು. "ಇದನ್ನ ನೋಡಮ್ಮ. ನಮ್ಮ ಹತ್ರ ಬರೋ ಹೊಡೆದಾಟದಲ್ಲಿ ಮುಕ್ಕಾಲು ಪಾಲು ಬೇರು ಇಂಥ ಕಡೆ ಇರುತ್ತೆ. ಸರ್ವೆ ಮಾಡಿ ಕಲ್ಲು ನೆಟ್ಟು ಕೊಟ್ಟಿದ್ರೆ ಇವ್ರು ಇಲ್ಲಿಗೆ ಯಾಕೆ ಬರ್ತಿದ್ರು?" ಎಸಿ ಮೇಡಂ ಪೊಲೀಸರನ್ನು ನೆನೆದಂತೆಯೇ ಇವರು ಕಂದಾಯದವರನ್ನು ನೆನೆಯುತ್ತಿದ್ದರು.

ಹನ್ನೊಂದು ಗಂಟೆಗೆ ಫೋನ್ ಬಂತು. ಮದುವೆಯಾಗಿ ನಾಲ್ಕು ವರ್ಷವಾಗಿದ್ದ ಹೆಣ್ಣುಮಗಳು ನೇಣು ಹಾಕಿಕೊಂಡಿದ್ದಾಳೆ, ತಾಲ್ಲೂಕು ಆಸ್ಪತ್ರೆಗೆ ತಂದಿದ್ದಾರೆ. ಸಾಹೇಬರು ಟೋಪಿ ಎತ್ತಿಕೊಂಡು, "ಬರ್ತೀಯಾ? ಹೊರಗೇ ನಿಂತಿರಬೇಕು" ಎಂದರು.

ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಹೀಗೆ ಸತ್ತರೆ ಶವದ ಪಂಚನಾಮೆಯನ್ನು ತಹಶೀಲ್ದಾರರು ಬಂದು ಮಾಡುತ್ತಾರೆ, ತಾಲ್ಲೂಕು ದಂಡಾಧಿಕಾರಿಯಾಗಿ. ಕೇಸಿನ ತನಿಖೆ ಪೊಲೀಸರದ್ದು. ಪುಸ್ತಕದಲ್ಲಿ ಓದುವಾಗ ಇದು ಎರಡು ಸಾಲು. ಶವಾಗಾರದ ಹೊರಗೆ, ಬೇವಿನ ಮರದ ಕೆಳಗೆ, ಸತ್ತವಳ ತಾಯಿ ಆ ಎರಡು ಸಾಲಿನ ನಡುವೆ ಕೂತಿದ್ದರು. ತಹಶೀಲ್ದಾರರು ಕೇಳಿದ್ದನ್ನೇ ಸಾಹೇಬರೂ ಕೇಳಬೇಕಾಯಿತು. ಮದುವೆ ಯಾವಾಗ ಆಯ್ತು, ಏನು ಕೊಟ್ಟಿದ್ರಿ, ಕೊನೇ ಸಲ ಯಾವಾಗ ಫೋನ್ ಮಾಡಿದ್ಲು. "ಈಗ ತಾನೇ ಹೇಳಿದ್ನಲ್ಲಾ ಸ್ವಾಮಿ" ಎಂದು ಆಕೆ ಅಂಗಲಾಚಿದರು. ಸಾಹೇಬರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ಹೌದಮ್ಮಾ, ಇನ್ನೊಂದ್ಸಲ ಹೇಳಿ. ಕೋರ್ಟಲ್ಲಿ ಬೇಕಾಗುತ್ತೆ."

ಆಕೆಯ ಪಕ್ಕದಲ್ಲಿ ಒಬ್ಬ ಮಹಿಳಾ ಪೇದೆ ಕೂತಿದ್ದರು. ಬೆಳಿಗ್ಗೆಯಿಂದ ಆ ತಾಯಿಯನ್ನು ಹಿಡಿದುಕೊಂಡೇ ಇದ್ದರಂತೆ. ಎಲ್ಲ ಮುಗಿಸಿ ಜೀಪಿನ ಕಡೆ ಬರುತ್ತಿದ್ದ ಸಾಹೇಬರು ತಿರುಗಿ ನಿಂತರು.

"ಊಟ ಆಯ್ತೇನಮ್ಮ?"

"ಆಯ್ತು ಸರ್."

"ಎಲ್ಲಾಯ್ತು? ಬೆಳಿಗ್ಗೆಯಿಂದ ಇಲ್ಲೇ ಇದ್ದೀಯ." ಆಕೆ ತಲೆ ತಗ್ಗಿಸಿದರು. "ಮಗು ಯಾರ ಹತ್ರ ಬಿಟ್ಟಿದ್ದೀಯ?"

"ಅತ್ತೆ ಹತ್ರ ಸರ್."

ಸಾಹೇಬರು ಸ್ಟೇಷನ್‌ಗೆ ಫೋನ್ ಮಾಡಿ ಇನ್ನೊಬ್ಬರನ್ನು ಕಳುಹಿಸಲು ಹೇಳಿದರು. "ಅವ್ರು ಬಂದ ತಕ್ಷಣ ಮನೆಗೆ ಹೋಗು. ನಾಳೆ ಮಧ್ಯಾಹ್ನದ ಮೇಲೆ ಬಾ." ಎರಡು ನಿಮಿಷದ ಮಾತು. ಜೀಪ್ ಹತ್ತಿದ ಮೇಲೆ ಅದರ ಬಗ್ಗೆ ಏನೂ ಹೇಳಲಿಲ್ಲ, ಬೇರೆ ಕೇಸಿನ ಕಡತ ತೆಗೆದರು.

ಹೊರಗಿನವರಿಗೆ ಇದು ಏನೂ ಅಲ್ಲದ ವಿಷಯ. ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಹಾಗಲ್ಲ. 2004ರ ಏಪ್ರಿಲ್‌ನಲ್ಲಿ ವಿಧಾನಸಭೆ, ಲೋಕಸಭೆ ಎರಡೂ ಚುನಾವಣೆ ಒಟ್ಟಿಗೆ ನಡೆದಾಗ ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ತೀರಿಕೊಂಡರು. ಅಪ್ಪ ಬೇರೆ ಜಿಲ್ಲೆಯಲ್ಲಿ ಬಂದೋಬಸ್ತ್‌ನಲ್ಲಿದ್ದರು. ರಜೆ ಕೇಳಿದರೆ ಮೇಲಿನವರು, "ಸತ್ತ ಮೇಲೆ ಹೋಗಿ ಏನ್ ಮಾಡ್ತೀಯ?" ಎಂದರಂತೆ. ಅಪ್ಪ ಮನೆಗೆ ಬಂದದ್ದು ಹಾಲುತುಪ್ಪದ ದಿನ. ಯೂನಿಫಾರ್ಮ್‌ನಲ್ಲೇ ಗುಡ್ಡೆಯ ಮುಂದೆ ಹೋಗಿ ನಿಂತಿದ್ದು ನನಗೆ ನೆನಪಿದೆ. ನನಗಾಗ ಒಂಬತ್ತು ವರ್ಷ. ಕೆಲವು ವರ್ಷ ಕಳೆದ ಮೇಲೆ ಇನ್ನೊಬ್ಬ ಅಧಿಕಾರಿ ಬಂದರು. ಬೆಳಗಿನ ಹಾಜರಿಯಲ್ಲಿ ಅಪ್ಪನ ಮುಖ ನೋಡಿ, ಒಳಗೆ ಕರೆದು, ಏನಾಗಿದೆ ಎಂದು ಕೇಳಿ, ಕೇಳದೆಯೇ ನಾಲ್ಕು ದಿನ ರಜೆ ಬರೆದುಕೊಟ್ಟರು. ಅಮ್ಮನ ಆಪರೇಷನ್ ಇತ್ತು. ಇಬ್ಬರ ಹೆಸರೂ ಅಪ್ಪನಿಗೆ ನೆನಪಿದೆ. ಎರಡನೆಯವರ ಹೆಸರಿಗೆ ಮಾತ್ರ "ಸಾಹೇಬರು" ಎಂದು ಸೇರಿಸುತ್ತಾರೆ. ನಾನು ಆ ದಿನ ಜೀಪಿನಲ್ಲಿ ಕೂತಿದ್ದದ್ದು ಅವರ ಪಕ್ಕದಲ್ಲೇ. ಆ ಕಥೆ ಅವರಿಗೆ ನೆನಪೂ ಇರಲಿಲ್ಲ.

ಆ ರಾತ್ರಿ ಅಪ್ಪನಿಗೆ, ಐಪಿಎಸ್ ಮೊದಲು ಹಾಕೋಣ ಅಂತಿದ್ದೀನಿ ಎಂದೆ. ಅವರು ಟಿವಿ ಆರಿಸಿದರು.

"ಯಾಕೆ?"

ಶವಾಗಾರದ ಮುಂದೆ ನಡೆದದ್ದನ್ನು ಹೇಳಿದೆ. ಒಂದು ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಇರುತ್ತಾರೆ, ಅವರ ರಜೆ, ಅವರ ಮನೆ, ಅವರ ಪಾಳಿ ಎಲ್ಲ ಎಸ್‌ಪಿ ಕೈಯಲ್ಲಿ ಇರುತ್ತೆ ಅಲ್ವಾ ಎಂದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

"ಕೈಯಲ್ಲಿ ಇರಲ್ಲ ಕಣಮ್ಮ. ಇಪ್ಪತ್ತು ಜನ ಇರಬೇಕಾದ ಸ್ಟೇಷನ್‌ನಲ್ಲಿ ಹನ್ನೆರಡು ಜನ ಇರ್ತಾರೆ. ಅವತ್ತು ನಂಗೆ ರಜೆ ಇಲ್ಲ ಅಂದ್ರಲ್ಲ, ಮಾತು ಕೆಟ್ಟದಾಗಿ ಆಡಿದ್ರು, ಅದು ಬೇರೆ. ಆದ್ರೆ ಕಳಿಸಿದ್ರೆ ಆ ಬೂತಲ್ಲಿ ಯಾರನ್ನ ನಿಲ್ಲಿಸ್ತಿದ್ರು? ನೀನು ಆ ಕುರ್ಚೀಲಿ ಕೂತ್ರೆ ನೀನೂ ಒಂದಿನ ಹಂಗೇ ಬರೀಬೇಕಾಗುತ್ತೆ. ಅದು ನಿನ್ನ ಕೈಲಿ ಆಗುತ್ತಾ?"

ಇದು ಅಪ್ಪ ಬೇಡ ಅನ್ನುತ್ತಿದ್ದ ಕಾರಣ. ಅಪಾಯ, ರಾತ್ರಿ ಪಾಳಿ, ಹೆಣ್ಣುಮಗಳು, ಇವ್ಯಾವುವೂ ಅಲ್ಲ. ತಾವು ತಿಂದ ಮಾತನ್ನು ಮಗಳು ಇನ್ನೊಬ್ಬರಿಗೆ ಆಡಬೇಕಾಗುತ್ತದೆ ಅನ್ನುವುದು. ಆ ಮಾತು ಬರುವವರೆಗೂ ನನ್ನ ಯೋಚನೆ ಸ್ವಲ್ಪ ಸಿನಿಮಾದ ಹಾಗೇ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಅವರು ಮತ್ತೊಂದು ವಿಷಯ ಹೇಳಿದರು. 2016ರ ಜೂನ್ 4ಕ್ಕೆ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕಬೇಕೆಂದು ಕರೆ ಬಂದಿತ್ತಲ್ಲ, ಸಂಬಳ, ವಾರದ ರಜೆ, ಮೇಲಿನವರ ಕಿರುಕುಳ ಎಲ್ಲದರ ವಿರುದ್ಧ? ಆಗ ಅಪ್ಪನೂ ರಜೆ ಚೀಟಿ ಬರೆದಿದ್ದರಂತೆ. ನಿವೃತ್ತಿಗೆ ಒಂದೇ ವರ್ಷ ಇತ್ತು. ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಹಾಕುತ್ತಾರೆ, ಪೆನ್ಷನ್ ಹೋಗುತ್ತೆ ಎಂದು ಅಮ್ಮ ಅತ್ತಿದ್ದಳು. ಚೀಟಿಯನ್ನು ಮಡಚಿ ಜೇಬಲ್ಲಿಟ್ಟುಕೊಂಡು ಡ್ಯೂಟಿಗೆ ಹೋದರಂತೆ. "ಕೊಡ್ಲಿಲ್ಲ. ಹರಿದೂ ಹಾಕ್ಲಿಲ್ಲ" ಎಂದರು. ಇದನ್ನು ನಾಲ್ಕು ವರ್ಷ ನನಗೆ ಹೇಳಿರಲಿಲ್ಲ.

ಮರುದಿನ ಅಳತೆ ಟೇಪು ತಂದು, ಬಾಗಿಲ ಚೌಕಟ್ಟಿಗೆ ನನ್ನನ್ನು ನಿಲ್ಲಿಸಿ ಎತ್ತರ ನೋಡಿದರು. ಐಪಿಎಸ್‌ಗೆ ಹೆಂಗಸರಿಗೆ 150 ಸೆಂಟಿಮೀಟರ್ ಬೇಕು, ಗಂಡಸರಿಗೆ 165. ನಾನು 156. "ಸಾಕು" ಎಂದರು. ಒಪ್ಪಿಗೆ ಅಂತ ಬಂದದ್ದು ಅಷ್ಟೇ.

ಫಾರಂನಲ್ಲಿ ಐಪಿಎಸ್ ಮುಂದೆ 1 ಎಂದು ಹಾಕಿದೆ. ಐಎಎಸ್ ಮುಂದೆ 2. ಉಳಿದ ಸೇವೆಗಳನ್ನು ಹತ್ತು ನಿಮಿಷದಲ್ಲಿ ತುಂಬಿದೆ, ನಿಜಕ್ಕೂ ಅಷ್ಟೇ ಹೊತ್ತು. ಆಗ ಕೇಡರ್‌ಗೆ ಐದು ವಲಯಗಳು. ಕರ್ನಾಟಕ ಇದ್ದದ್ದು ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣಗಳ ಜೊತೆ ಐದನೆಯದರಲ್ಲಿ. ಅದನ್ನೇ ಮೊದಲು ಹಾಕಿದೆ. ಎಲ್ಲರೂ ತಮ್ಮ ಊರನ್ನೇ ಹಾಕುತ್ತಾರೆ, ಸಿಗುವುದು ಕೆಲವರಿಗೆ. ರೂಮ್‌ಮೇಟ್‌ಗೆ ವಿಷಯ ತಿಳಿದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ನನ್ನ ಸಂದರ್ಶನ ಮಾರ್ಚ್ ಕೊನೆಗಿತ್ತು. 23ನೇ ತಾರೀಖಿನಿಂದ ಆಗಬೇಕಿದ್ದ ಸಂದರ್ಶನಗಳನ್ನೆಲ್ಲ ಮುಂದೂಡಿದರು. ಮಾರನೆಯ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. 600ಕ್ಕೂ ಹೆಚ್ಚು ಜನ ನನ್ನಂತೆ ತ್ರಿಶಂಕುವಿನಲ್ಲಿ ಉಳಿದೆವು. ನಾಲ್ಕು ತಿಂಗಳು ಮನೆಯಲ್ಲಿ ಕೂತು ನಾನು ಮಾಡಿದ ಮುಖ್ಯ ಕೆಲಸ, ಮಾಡಿದ ಆಯ್ಕೆಯನ್ನು ಅನುಮಾನಿಸುವುದು. ಮಾವ ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿ ಬರುತ್ತಿದ್ದರು. ಹೊರಗಿಂದ ಬಂದವರ ಪಟ್ಟಿ, ದಿನಸಿ ಕಿಟ್, ಕ್ವಾರಂಟೈನ್ ಹಾಸ್ಟೆಲ್ಲಿನ ಊಟ. ಜಿಲ್ಲಾಡಳಿತ ಅಂದರೆ ಏನು ಅಂತ ಆಗ ಊರಿಗೇ ಗೊತ್ತಾಯಿತು. ಅದೇ ಹೊತ್ತಿಗೆ ಫೋನಿನಲ್ಲಿ ಬೇರೆ ವಿಡಿಯೊಗಳು. ತರಕಾರಿಗೆ ಹೊರಟವನಿಗೆ ಲಾಠಿ ಏಟು, ನಡುರಸ್ತೆಯಲ್ಲಿ ಬಸ್ಕಿ, ಕಪ್ಪೆ ಜಿಗಿತ. ಕೆಳಗೆ ನಗುವ ಎಮೋಜಿಗಳ ಸಾಲು. ಫಾರಂ ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಏಪ್ರಿಲ್‌ನಲ್ಲಿ ಖಂಡಿತ ತೆಗೆದುಕೊಳ್ಳುತ್ತಿದ್ದೆ. ನಮ್ಮ ಬೀದಿಯ ತುದಿಯ ನಾಕಾದಲ್ಲಿ ನಿಂತಿದ್ದ ಹುಡುಗ ಪೇದೆಗೆ ಅಪ್ಪ ದಿನಾ ಮಧ್ಯಾಹ್ನ ಮಜ್ಜಿಗೆ ಕೊಟ್ಟು ಬರುತ್ತಿದ್ದರು. ಆ ಹುಡುಗನೂ ಒಂದು ದಿನ ಯಾರಿಗೋ ಲಾಠಿ ಬೀಸಿದ. ಅಪ್ಪ ಮಜ್ಜಿಗೆ ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ ಅವನ ಪಕ್ಕ ನಿಂತು ಏನೋ ಹೇಳಿ ಬಂದರು. ಏನು ಹೇಳಿದಿರಿ ಅಂದರೆ, "ಡಿಪಾರ್ಟ್‌ಮೆಂಟ್ ವಿಷಯ" ಎಂದರು.

ಜುಲೈ 20ರಿಂದ ಮತ್ತೆ ಸಂದರ್ಶನ ಶುರು. ರೈಲುಗಳು ಸರಿಯಾಗಿ ಓಡುತ್ತಿರಲಿಲ್ಲ, ಹಾಗಾಗಿ ವಿಮಾನದ ಖರ್ಚನ್ನು ಆಯೋಗವೇ ಕೊಡುತ್ತೇನೆ ಎಂದಿತು. ನಾನು ವಿಮಾನ ಹತ್ತಿದ್ದು ಅದೇ ಮೊದಲು, ಅದೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ದೆಹಲಿಯ ಶಹಜಹಾನ್ ರಸ್ತೆಯ ಧೋಲ್ಪುರ್ ಹೌಸ್‌ನಲ್ಲಿ, ಅಂದರೆ ಯುಪಿಎಸ್‌ಸಿ ಕಚೇರಿಯಲ್ಲಿ, ನಮ್ಮನ್ನು ದೂರ ದೂರ ಕೂರಿಸಿದ್ದರು. ಸೀರೆಯ ಸೆರಗಿಗೆ ಎಷ್ಟು ಪಿನ್ನು ಹಾಕಿದ್ದೆ ಅನ್ನುವುದು ನೆನಪಿದೆ, ಮೊದಲ ಪ್ರಶ್ನೆ ನೆನಪಿಲ್ಲ.

ನೆನಪಿರುವುದು ಎರಡನೆಯ ಸದಸ್ಯರದ್ದು. "ಎಲ್ಲರೂ ಐಎಎಸ್ ಮೊದಲು ಬರೆಯುತ್ತಾರೆ. ನಿಮ್ಮ ತಂದೆ ಪೊಲೀಸ್. ಅವರ ಕನಸನ್ನು ನನಸು ಮಾಡುತ್ತಿದ್ದೀರಾ?"

"ಇಲ್ಲ ಸರ್. ಅವರು ಬೇಡ ಎಂದರು."

ಎಲ್ಲರೂ ನಕ್ಕರು. ನನ್ನ ಕೈ ನಡುಕ ಆಗ ನಿಂತಿತು. ಆಮೇಲೆ ಪೊಲೀಸ್ ಕಮಿಷನರೇಟ್ ಬಗ್ಗೆ ಕೇಳಿದರು. ಆ ಜನವರಿಯಲ್ಲಷ್ಟೇ ಲಖನೌ, ನೋಯ್ಡಾಗಳಿಗೆ ಕಮಿಷನರೇಟ್ ಬಂದಿತ್ತು. ಬೆಂಗಳೂರಿನಲ್ಲಿ 1963ರಿಂದಲೇ ಇದೆ. ಜಿಲ್ಲೆಯಲ್ಲಿ ಆಗಿನ 144ನೇ ಸೆಕ್ಷನ್, ಅಂದರೆ ನಿಷೇಧಾಜ್ಞೆ, ಹಾಕುತ್ತಿದ್ದದ್ದು ಡಿಸಿ, ಜಾರಿ ಮಾಡುತ್ತಿದ್ದದ್ದು ಎಸ್‌ಪಿ. ಕಮಿಷನರೇಟ್‌ನಲ್ಲಿ ಎರಡೂ ಪೊಲೀಸರದ್ದೇ. ಯಾವುದು ಒಳ್ಳೆಯದು? ದೊಡ್ಡ ನಗರದಲ್ಲಿ ಬೇಗ ತೀರ್ಮಾನ ಆಗಬೇಕು, ಅದು ಒಪ್ಪುತ್ತೇನೆ, ಆದರೆ ಹಿಡಿಯುವವರೂ ಇನ್ನು ಗಲಾಟೆ ಮಾಡಲ್ಲ ಎಂದು ಬಾಂಡ್ ಬರೆಸಿಕೊಳ್ಳುವವರೂ ಒಂದೇ ಇಲಾಖೆಯವರಾಗುವುದು ನನಗೆ ಸರಿ ಕಾಣುವುದಿಲ್ಲ ಎಂದೆ. "ಹಾಗಾದರೆ ಅಧಿಕಾರ ಇನ್ನೊಬ್ಬರ ಕೈಯಲ್ಲಿರಲಿ ಎನ್ನುತ್ತೀರಿ. ಆದರೂ ಐಪಿಎಸ್ ಬೇಕು?" ಬೇಕು ಎಂದೆ. ಲಾಠಿ ವಿಡಿಯೊಗಳ ಬಗ್ಗೆ ಕೇಳಿದಾಗ ಮಾತ್ರ ತಡವರಿಸಿದೆ. ತಪ್ಪು ಎಂದೆ, ಪಾಳಿ ಇಲ್ಲದೆ ದಣಿದವರು ಎಂದೆ, ಆಮೇಲೆ ದಣಿವು ನೆಪ ಆಗಬಾರದು ಎಂದೆ. ಮೂರೂ ಸೇರಿ ಒಂದು ಉತ್ತರ ಆಗಲಿಲ್ಲ. ಈಗಲೂ ಆಗಿಲ್ಲ.

ಆಗಸ್ಟ್ 4ಕ್ಕೆ ಫಲಿತಾಂಶ. 829 ಹೆಸರುಗಳು. ನನ್ನದು ನಾನು ಅಂದುಕೊಂಡಿದ್ದಕ್ಕಿಂತ ಮೇಲಿತ್ತು. ಅದೇ ತೊಂದರೆ ಆಯಿತು. ರ‍್ಯಾಂಕ್ ಕೆಳಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸೇವೆ ಹಂಚಿಕೆಯ ಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ಐಪಿಎಸ್. ನನ್ನದೇ ವರ್ಗದಲ್ಲಿ ನನ್ನ ಕೆಳಗಿದ್ದವರ ಮುಂದೆ ಐಎಎಸ್. ಮಾವ ಆ ಸಾಲಿನ ಕೆಳಗೆ ಉಗುರಲ್ಲಿ ಗೀರಿ ತೋರಿಸಿದರು. "ನೋಡು, ನಿನ್ನ ಡಿಸಿ ಕುರ್ಚಿ ಯಾರಿಗೆ ಹೋಯ್ತು ಅಂತ." ಹೊಟ್ಟೆಯಲ್ಲಿ ಒಂದು ಕ್ಷಣ ಏನೋ ಕಲಕಿತು, ಸುಳ್ಳು ಹೇಳುವುದಿಲ್ಲ. ಅಕ್ಟೋಬರ್ 4ಕ್ಕೆ ಮುಂದಿನ ಪ್ರಿಲಿಮ್ಸ್ ಇತ್ತು. ಫೆಬ್ರವರಿಯಲ್ಲೇ ಅರ್ಜಿ ಹಾಕಿದ್ದೆ, ಹಾಲ್ ಟಿಕೆಟ್ ಕೂಡ ಬಂದಿತ್ತು. ಆ ಭಾನುವಾರ ಬೆಳಿಗ್ಗೆ ಎದ್ದು ಅಮ್ಮನಿಗೆ ಅವರೆಕಾಯಿಯ ಸಿಪ್ಪೆ ಬಿಡಿಸಿಕೊಡೋಣ ಅಂದರೆ ಅದು ಅವರೆಯ ಕಾಲವೂ ಅಲ್ಲ. ಸುಮ್ನೆ ಕೂತಿದ್ದೆ. ಹನ್ನೊಂದೂವರೆಗೆ, ಈಗ ಮೊದಲ ಪೇಪರ್ ಮುಗಿಯಿತು ಅಂದುಕೊಂಡೆ.

ಕೇಡರ್ ಕರ್ನಾಟಕ ಸಿಗಲಿಲ್ಲ. ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಸೇವೆಯಲ್ಲಿರುವವರು ಅಷ್ಟಾದರೂ ಹುಷಾರಾಗಿರಬೇಕು. ನೆರೆಯ ರಾಜ್ಯವಲ್ಲ, ಅಷ್ಟು ಸಾಕು. ಪಟ್ಟಿ ಬಂದ ದಿನ ಮನೆಗೆ ಫೋನ್ ಮಾಡಿದೆ.

"ಭಾಷೆ ಕಲೀಬೇಕಲ್ಲ" ಎಂದರು ಅಪ್ಪ.

"ಅಕಾಡೆಮಿಯಲ್ಲೇ ಕಲಿಸ್ತಾರಪ್ಪ."

"ಹೂಂ." ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ಲಿ ಪೇದೆಗಳಿಗೆ ವಾರದ ರಜೆ ಕೊಡ್ತಾರಂತಾ?"

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಅಂದೆ.

"ಭಾಷೆ ಆಮೇಲಾದ್ರೂ ಬರುತ್ತೆ. ಮೊದ್ಲು ಅದನ್ನ ಕೇಳು" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.